ಮಣಿಕಟ್ಟಿನ ಮೇಲಿನ ‘ಳ’

‘ಹಾಕಿಸ್ಕೊಳ್ಳೋಕೆ ಮುಂಚೆ ಯೋಚಿಸ್ಬೇಕಿತ್ತು.’

ಹಚ್ಚೆ ತೆಗೆಸಲು ಹೊರಟವರಿಗೆ ಸಿಗುವ ಮೊದಲ ಉಪದೇಶ ಇದು. ಮನೆಯವರು ಹೇಳುತ್ತಾರೆ, ಆಫೀಸಿನಲ್ಲಿ ಪಕ್ಕದ ಕುರ್ಚಿಯವರು ಹೇಳುತ್ತಾರೆ, ಕೈಗೆ ಸುತ್ತಿದ ಬ್ಯಾಂಡೇಜು ಕಂಡು ವಿಚಾರಿಸಿದ ಆಟೋದವರೂ ಹೇಳುತ್ತಾರೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ನಾವು ಇದನ್ನು ಎಲ್ಲ ವಿಷಯಕ್ಕೂ ಹೇಳುವುದಿಲ್ಲ. ಹತ್ತೊಂಬತ್ತರಲ್ಲಿ ಸೇರಿದ ಇಂಜಿನಿಯರಿಂಗ್ ಬಿಟ್ಟು ಸಾಹಿತ್ಯ ಓದಿದವರನ್ನು ಧೈರ್ಯಸ್ಥರು ಅನ್ನುತ್ತೇವೆ. ಆ ವಯಸ್ಸಿನ ಕವಿತೆಗಳನ್ನೆಲ್ಲ ಸಂಕಲನದಿಂದ ಕೈಬಿಟ್ಟ ಕವಿಯನ್ನು ವಿವೇಕಿ ಅನ್ನುತ್ತೇವೆ. ಚರ್ಮದ ಮಾತು ಬಂದಾಗ ಮಾತ್ರ ಹತ್ತೊಂಬತ್ತರ ಮನುಷ್ಯನಿಗೆ ಇಪ್ಪತ್ತೆಂಟರ ಮನುಷ್ಯ ಸಾಯುವತನಕ ನಿಷ್ಠನಾಗಿರಬೇಕೆಂದು ಬಯಸುತ್ತೇವೆ. ಯಾಕಿರಬಹುದು?

ಕಳೆದೊಂದು ವರ್ಷದಿಂದ, ಎರಡು ತಿಂಗಳಿಗೊಮ್ಮೆ, ಗೆಳತಿಯ ಜೊತೆ ಇಂದಿರಾನಗರದ ಒಂದು ಚರ್ಮದ ಕ್ಲಿನಿಕ್ಕಿಗೆ ಹೋಗುತ್ತಿದ್ದೇನೆ. ಅವಳ ಎಡ ಮಣಿಕಟ್ಟಿನ ಒಳಭಾಗದಲ್ಲಿ ಒಂದು ‘ಳ’ ಇತ್ತು. ನನ್ನ ಮಣಿಕಟ್ಟಿನಲ್ಲಿ ಅದೇ ಅಕ್ಷರ ಇನ್ನೂ ಇದೆ. 2016ರಲ್ಲಿ, ಬಿ.ಎ. ಓದುತ್ತಿದ್ದಾಗ, ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯೊಂದರ ಮಹಡಿ ಹತ್ತಿ ಇಬ್ಬರೂ ಒಂದೇ ಮಧ್ಯಾಹ್ನ ಹಾಕಿಸಿಕೊಂಡದ್ದು. ‘ಳ’ ಯಾಕೆಂದರೆ ಕನ್ನಡದ ವಾಕ್ಯದಲ್ಲಿ ಹೆಣ್ಣು ಗುರುತು ಬಿಡುವುದು ಅಲ್ಲಿ: ಬಂದಳು, ಓದಿದಳು, ಹೊರಟಳು. ವ್ಯಾಕರಣದ ಕ್ಲಾಸಿನಲ್ಲಿ ಹುಟ್ಟಿದ ತಮಾಷೆ ಅದು, ಆಮೇಲೆ ನಮ್ಮಿಬ್ಬರ ನಡುವಿನ ಸಹಿಯಾಯಿತು. ಅವಳು ತನ್ನ ಅಕ್ಷರದ ಬಾಲಕ್ಕೊಂದು ಪುಟ್ಟ ಹಸಿರು ಎಲೆ ಸೇರಿಸಿಕೊಂಡಳು. ನನ್ನದು ಬರೀ ಕಪ್ಪು.

ತೆಗೆಸಲು ಅವಳಿಗೆ ಯಾವ ಒತ್ತಡವೂ ಇರಲಿಲ್ಲ. ಗಂಡಿನ ಕಡೆಯವರು ಯಾರೂ ಬಂದು ನೋಡಿ ಮುಖ ಸಿಂಡರಿಸಲಿಲ್ಲ, ಕೆಲಸದಲ್ಲಿ ಯಾರೂ ಆಕ್ಷೇಪಿಸಲಿಲ್ಲ. ನಾವು ಜಗಳವಾಡಿರಲೂ ಇಲ್ಲ. ‘ನನ್ನ ಕೈ ಮೇಲೆ ಬೇರೆ ಯಾರದೋ ಕೈಬರಹ ಇದ್ದಹಾಗಿದೆ ಕಣೇ. ದಿನಾ ಬೆಳಗ್ಗೆ ಹಲ್ಲುಜ್ಜುವಾಗ ಓದ್ಬೇಕು’ ಅಂದಳು, ಅಷ್ಟೇ. ‘ನಿಂಗೆ ಬೇಜಾರಾ?’ ಅಂತಲೂ ಕೇಳಿದಳು. ‘ಹೂಂ, ಸ್ವಲ್ಪ’ ಅಂದೆ. ‘ಹಾಗಾದ್ರೆ ಜೊತೆಗೆ ಬಾ’ ಅಂದಳು.

ನನ್ನ ಸಂಶೋಧನೆ ಶಾಸನಗಳ ಮೇಲೆ, ಅದರಲ್ಲೂ ಅವುಗಳ ಕೊನೆಯಲ್ಲಿ ಬರುವ ಶಾಪಾಶಯದ ಭಾಗದ ಮೇಲೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟ, 1905ರ ಬೆಂಗಳೂರು ಜಿಲ್ಲೆಯ ಸಂಪುಟ, ನನ್ನ ಮೇಜಿನ ಮೇಲೆ ಸದಾ ಬಿದ್ದಿರುತ್ತದೆ. ಹಾಗಾಗಿ ‘ಅಳಿಸುವುದು’ ಅಂದ ಕೂಡಲೇ ನನ್ನ ತಲೆ ಕಲ್ಲಿನ ಕಡೆಗೆ ಹೋಗುತ್ತದೆ. ದಾನಶಾಸನಗಳಲ್ಲಿ ಪದೇಪದೇ ಬರುವ ಒಂದು ಸಂಸ್ಕೃತ ಶ್ಲೋಕವಿದೆ. ಕೊಟ್ಟ ಭೂಮಿಯನ್ನು ಕಸಿದುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುತ್ತಾನೆಂಬ ಶಾಪ ಅದು. ಶಾಪದ ಭಯಂಕರತೆಗಿಂತ ನನಗೆ ಕುತೂಹಲ ಅದರ ಮೊದಲ ಷರತ್ತಿನಲ್ಲಿ: ಕಸಿದುಕೊಂಡದ್ದು ಬೇರೆಯವರು ಕೊಟ್ಟ ದಾನವಾದರೂ ಸರಿ, ತಾನೇ ಕೊಟ್ಟದ್ದಾದರೂ ಸರಿ, ಶಿಕ್ಷೆ ಒಂದೇ. ‘ಕೊಟ್ಟವನು ನಾನೇ ತಾನೆ, ಈಗ ಮನಸ್ಸು ಬದಲಾಗಿದೆ’ ಎಂಬ ನೆಪವನ್ನು ಶಾಸನ ಬರೆಸಿದವರು ಮೊದಲೇ ಊಹಿಸಿದ್ದರು. ನಾಳೆಯ ತನ್ನನ್ನೇ ನಂಬದ ಮನುಷ್ಯ ಇಂದು ಕಲ್ಲಿಗೆ ಮೊರೆಹೋಗುತ್ತಾನೆ.

ಹಚ್ಚೆ ಹಾಕಿಸಿಕೊಳ್ಳುವವರೂ ಇದನ್ನೇ ಮಾಡುತ್ತಾರಲ್ಲವೇ? ಪೆನ್ನಿನಲ್ಲಿ ಬರೆದುಕೊಂಡರೆ ಸಾಲದು, ಅಳಿಸಲಾಗದಂತೆ ಬರೆಯಬೇಕು. ನೋವಾಗಬೇಕು, ರಕ್ತ ಬರಬೇಕು. ಹಾಗಿದ್ದರೆ ಲೇಸರಿನ ಕೆಳಗೆ ಕೈಯಿಡುವವಳು ತನ್ನದೇ ದಾನವನ್ನು ಹಿಂತೆಗೆದುಕೊಂಡವಳೇ? ಈ ಪ್ರಶ್ನೆಯನ್ನು ನಾನು ತಮಾಷೆಗೆ ಕೇಳುತ್ತಿಲ್ಲ. ಅವಳ ‘ಳ’ದಲ್ಲಿ ಅರ್ಧ ಪಾಲು ನನ್ನದೆಂದು ನನಗೆ ಅನ್ನಿಸಿತ್ತು.

ಇದಕ್ಕೆ ಈಗ ಸುಲಭವಾಗಿ ಸಿಗುವ ಉತ್ತರವೊಂದಿದೆ: ‘ಆಗಿನ ನಾನೇ ಬೇರೆ, ಈಗಿನ ನಾನೇ ಬೇರೆ.’ ಇಂಗ್ಲೆಂಡಿನ ತತ್ವಜ್ಞಾನಿ ಡೆರೆಕ್ ಪಾರ್ಫಿಟ್ 1984ರ ತನ್ನ ಪುಸ್ತಕದಲ್ಲಿ ಹತ್ತೊಂಬತ್ತನೇ ಶತಮಾನದ ಒಬ್ಬ ರಷ್ಯನ್ ಯುವಕನನ್ನು ಕಲ್ಪಿಸಿಕೊಳ್ಳುತ್ತಾನೆ. ಮುಂದೆ ದೊಡ್ಡ ಜಮೀನಿಗೆ ವಾರಸುದಾರನಾಗಲಿರುವ ಈತ ಸಮಾಜವಾದಿ. ಜಮೀನು ಬಂದ ಮೇಲೆ ಅದನ್ನೆಲ್ಲ ರೈತರಿಗೆ ಕೊಡಬೇಕೆಂಬುದು ಅವನ ಆಸೆ. ಆದರೆ ವಯಸ್ಸಾದಂತೆ ತನ್ನ ಆದರ್ಶ ಮಾಸಬಹುದೆಂದು ಅವನಿಗೆ ಗೊತ್ತು. ಅದಕ್ಕೇ ಈಗಲೇ ದಾನಪತ್ರಕ್ಕೆ ಸಹಿ ಮಾಡಿ, ಹೆಂಡತಿಯೊಬ್ಬಳ ಒಪ್ಪಿಗೆಯಿಲ್ಲದೆ ಅದು ರದ್ದಾಗದಂತೆ ಮಾಡುತ್ತಾನೆ. ಮುಂದೆ ನಾನೇ ಬಂದು ಬೇಡಿಕೊಂಡರೂ ಒಪ್ಪಬೇಡ, ಆಗ ಬೇಡುವವನು ನಾನಾಗಿರುವುದಿಲ್ಲ ಎಂದು ಅವಳಿಂದ ಮಾತು ತೆಗೆದುಕೊಳ್ಳುತ್ತಾನೆ. ನಡುವಯಸ್ಸಿನಲ್ಲಿ ಅವನು ಬೇಡಿಕೊಳ್ಳುತ್ತಾನೆ. ಆಗ ಹೆಂಡತಿಗೆ ತನ್ನನ್ನು ಮಾತಿನಿಂದ ಬಿಡಿಸಬಲ್ಲ ಯುವಕ ಈಗಿಲ್ಲ ಎನ್ನಿಸಬಹುದು ಎಂದು ಪಾರ್ಫಿಟ್ ತೋರಿಸುತ್ತಾನೆ. ಹೆಂಡತಿಯ ಜಾಗದಲ್ಲಿ ಕಲ್ಲನ್ನು ನಿಲ್ಲಿಸಿದರೆ ನಮ್ಮ ಶಾಸನದ ಕತೆಯೇ.

ಕತೆ ಚೆನ್ನಾಗಿದೆ. ಆದರೆ ‘ಬೇರೆ ಮನುಷ್ಯ’ ಎಂಬ ವಾದವನ್ನು ತೀರಾ ಜಗ್ಗಿದರೆ ಹರಿದುಹೋಗುತ್ತದೆ. ನನ್ನ ಗೆಳತಿ ಅದೇ ಹತ್ತೊಂಬತ್ತರ ಆಸುಪಾಸಿನಲ್ಲಿ ಒಂದು ಎಜುಕೇಶನ್ ಲೋನ್ ಕೂಡ ಮಾಡಿದ್ದಳು. ಅದರ ಕಂತು ಈಗಲೂ ಪ್ರತಿ ತಿಂಗಳು ಕಟ್ಟುತ್ತಾಳೆ. ಸಹಿ ಹಾಕಿದವಳು ಬೇರೆಯವಳು ಎಂದು ಅವಳೂ ಹೇಳಿಲ್ಲ, ಬ್ಯಾಂಕೂ ಒಪ್ಪುವುದಿಲ್ಲ. ಸಾಲಕ್ಕೆ ಒಬ್ಬಳೇ, ಹಚ್ಚೆಗೆ ಇಬ್ಬರು ಎನ್ನುವುದು ಅನುಕೂಲಶಾಸ್ತ್ರವಾಗುತ್ತದೆ. ವ್ಯತ್ಯಾಸ ಇರಬೇಕಾದದ್ದು ವ್ಯಕ್ತಿಯಲ್ಲಲ್ಲ, ಯಾರಿಗೆ ಕೊಟ್ಟದ್ದು ಎಂಬುದರಲ್ಲಿ. ಸಾಲಕ್ಕೆ ಎದುರುಗಡೆ ಒಬ್ಬ ಕೊಟ್ಟವನಿದ್ದಾನೆ. ದಾನಶಾಸನಕ್ಕೆ ಆ ಗದ್ದೆಯಲ್ಲಿ ಉಣ್ಣುವವರಿದ್ದಾರೆ. ಹಚ್ಚೆಯ ಎದುರು ಯಾರಿದ್ದಾರೆ?

ಕ್ಲಿನಿಕ್ಕಿನ ಬೆಂಚಿನಲ್ಲಿ ಕೂತರೆ ಇದಕ್ಕೆ ಉತ್ತರ ಒಬ್ಬೊಬ್ಬರದ್ದು ಒಂದೊಂದು. ಹಳೆಯ ಪ್ರೇಮಿಯ ಹೆಸರಿನವರಂತೂ ಇದ್ದೇ ಇರುತ್ತಾರೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರಿನಲ್ಲಿ ತೀರಿಕೊಂಡ ಮೇಲೆ ಎಷ್ಟೋ ತೋಳುಗಳ ಮೇಲೆ ‘ಅಪ್ಪು’ ಬಂತು. ಅದನ್ನು ತೆಗೆಸಲು ಬಂದವರನ್ನು ಮಾತ್ರ ನಾನಿನ್ನೂ ನೋಡಿಲ್ಲ. ಸತ್ತವರು ಇನ್ನು ಬದಲಾಗುವುದಿಲ್ಲ. ಬದುಕಿರುವವರ ಹೆಸರು ಬರೆಸಿಕೊಳ್ಳುವುದು ಜೂಜು. ಆದರೆ ನನ್ನನ್ನು ಹೆಚ್ಚು ಕಾಡಿದವನು ಕೆ.ಆರ್. ಪುರದ ಕಡೆಯ ಒಬ್ಬ ಹುಡುಗ. ತೋಳಿನ ಮೇಲ್ಭಾಗದಲ್ಲಿ ದಪ್ಪಕ್ಷರದಲ್ಲಿ ‘ಅಮ್ಮ’ ಎಂದಿತ್ತು. ಅವನು ಸೇನೆಗೆ ಸೇರಬೇಕು, ಅಗ್ನಿವೀರನಾಗಬೇಕು. ಸೇನೆಯ ನೇಮಕಾತಿ ನಿಯಮದಂತೆ ಮೊಣಕೈಯ ಒಳಭಾಗದಿಂದ ಮಣಿಕಟ್ಟಿನತನಕ ಮುಂಗೈಯ ಒಳಬದಿ, ಇಲ್ಲವೇ ಅಂಗೈಯ ಹಿಂಬದಿ, ಇಷ್ಟು ಕಡೆ ಮಾತ್ರ ಶಾಶ್ವತ ಹಚ್ಚೆಗೆ ಅವಕಾಶ. ಬುಡಕಟ್ಟು ಸಮುದಾಯಗಳ ಸಾಂಪ್ರದಾಯಿಕ ಹಚ್ಚೆಗೆ ವಿನಾಯಿತಿಯಿದೆ, ಅಮ್ಮನಿಗಿಲ್ಲ. ಒಂದು ಗೇಣು ಕೆಳಗೆ, ಒಳಬದಿಗೆ ಬರೆಸಿದ್ದರೆ ಅವನು ಆ ಬೆಂಚಿನಲ್ಲಿ ಇರುತ್ತಲೇ ಇರಲಿಲ್ಲ. ‘ಅಮ್ಮಂಗೆ ಹೇಳಿದೀಯಾ?’ ಅಂತ ನನ್ನ ಗೆಳತಿ ಕೇಳಿದಳು. ‘ಅಮ್ಮನೇ ದುಡ್ಡು ಕೊಟ್ಟಿರೋದು’ ಅಂದ.

ಅವನಿಗೆ ಪಶ್ಚಾತ್ತಾಪ ಚೂರೂ ಇರಲಿಲ್ಲ, ಆದರೂ ತೆಗೆಸುತ್ತಿದ್ದ. ಕೊಟ್ಟದ್ದು ಯಾರಿಗೋ ಅವರೇ ಬಿಟ್ಟುಕೊಟ್ಟಿದ್ದರು. ಅಲ್ಲಿಗೆ ಮುಗಿಯಿತು.

ಅವನು ಹಲಸೂರು ಕೆರೆಯ ಪಕ್ಕದ ಎಂಇಜಿಯ ಬಗ್ಗೆ ಬಹಳ ಹೊತ್ತು ಮಾತಾಡಿದ. ನನಗೆ ಆ ದಂಡುಪ್ರದೇಶದ ಹಳೆಯ ಕಾಲ ನೆನಪಾಯಿತು. 1809ರಲ್ಲಿ ಇಲ್ಲಿ ದಂಡು ಬಂದು ನೆಲೆಯೂರಿದ ಕಾಲಕ್ಕೆ ಹಚ್ಚೆ ಆಡಳಿತದ ಒಂದು ಸಲಕರಣೆಯೂ ಆಗಿತ್ತು. ಬಂಗಾಳದಲ್ಲಿ ಕಂಪನಿ ಸರ್ಕಾರ ಜೀವಾವಧಿ ಕೈದಿಗಳ ಹಣೆಯ ಮೇಲೆ ಅವರ ಅಪರಾಧವನ್ನು ಚುಚ್ಚಿಸುತ್ತಿತ್ತು. ಗೋದ್ನಾ ಎಂದು ಕರೆಯುತ್ತಿದ್ದ ಈ ಶಿಕ್ಷೆ ನಿಂತದ್ದು 1849ರಲ್ಲಿ. ಬ್ರಿಟಿಷ್ ಸೈನ್ಯವೂ ಪಲಾಯನ ಮಾಡಿದ ತನ್ನ ಸಿಪಾಯಿಗಳ ಮೈಮೇಲೆ ಸೂಜಿ, ಮಸಿಯಿಂದಲೇ ‘ಡಿ’ ಅಕ್ಷರ ಹಾಕುತ್ತಿತ್ತು. ಅಲ್ಲೆಲ್ಲ ಶಿಕ್ಷೆ ಇದ್ದದ್ದು ಚುಚ್ಚುವ ನೋವಿನಲ್ಲಿ ಅಲ್ಲ, ಅದು ಹೋಗದು ಎಂಬುದರಲ್ಲಿ. ಬಿಡುಗಡೆಯಾದವನು ಪೇಟದ ಕೆಳಗೆ ಹಣೆ ಮುಚ್ಚಿಕೊಂಡೇ ಬದುಕಬೇಕು. ‘ಯೋಚಿಸ್ಬೇಕಿತ್ತು’ ಎಂಬ ನಮ್ಮ ಉಪದೇಶದ ಒಳಗೂ ಆ ದಂಡಾಧಿಕಾರಿ ಒಂದಿಷ್ಟು ಉಳಿದಿದ್ದಾನೆ ಅನ್ನಿಸುತ್ತದೆ. ಹಚ್ಚೆಯೇ ಅಪರಾಧ, ಹಚ್ಚೆಯೇ ಶಿಕ್ಷೆ. ಲೇಸರ್ ಎಂದರೆ ಶಿಕ್ಷೆ ತಪ್ಪಿಸಿಕೊಳ್ಳುವ ಉಪಾಯ.

ಹೊಸಕೋಟೆ ಕಡೆಯ ನನ್ನ ಅಜ್ಜಿಯ ಕೈಮೇಲೂ ಹಚ್ಚೆ ಇತ್ತು. ಮುಂಗೈ ಮೇಲೊಂದು ಚೇಳು, ತುಳಸಿಕಟ್ಟೆ, ಒಂದಷ್ಟು ಚುಕ್ಕಿ. ಊರೂರು ತಿರುಗುತ್ತಿದ್ದ ಕೊರವಂಜಿಯರು ದೀಪದ ಕಾಡಿಗೆಗೆ ಸೊಪ್ಪಿನ ರಸ ಕಲಸಿ, ಸೂಜಿಗಳ ಕಟ್ಟಿನಿಂದ ಚುಚ್ಚಿದ್ದು. ಕೂಲಿ ಎರಡು ಸೇರು ರಾಗಿ, ಒಂದು ಹಳೇ ಸೀರೆ. ಆಗ ಅವಳಿಗೆ ಹತ್ತೋ ಹನ್ನೊಂದೋ. ‘ಒಡವೆ ಗಿರವಿ ಇಡಬೋದು, ಕಳ್ಳ ಕದೀಬೋದು. ಮೇಲೆ ಹೋಗೋವಾಗ ಜೊತೆಗೆ ಬರೋದು ಇದೊಂದೇ’ ಎಂದು ನಮ್ಮ ಕಡೆ ಎಲ್ಲ ಮುದುಕಿಯರೂ ಹೇಳುವ ಮಾತನ್ನೇ ಅವಳೂ ಹೇಳುತ್ತಿದ್ದಳು. ಕೈಯಲ್ಲಿ ಕಾಸಿಲ್ಲದ, ಹೆಸರಿಗೆ ಜಮೀನಿಲ್ಲದ ಹೆಂಗಸರು ಹೇಳುವಾಗ ಈ ಮಾತಿಗೊಂದು ತೂಕವಿದೆ. ಕಸಿಯಲಾಗದ ಆಸ್ತಿ ಅದೊಂದೇ.

‘ಯಾಕಾದ್ರೂ ಹಾಕಿಸ್ಕೊಂಡೆ ಅಂತ ಯಾವತ್ತಾದ್ರೂ ಅನ್ನಿಸಿತ್ತಾ?’ ಎಂದು ಒಮ್ಮೆ ಕೇಳಿದ್ದೆ. ಅಜ್ಜಿ ನಕ್ಕಳು. ‘ನನ್ನ ಕೇಳಿ ಹಾಕಿದ್ರಾ?’

ಈ ಮರುಪ್ರಶ್ನೆ ನನಗೆ ಪಾರ್ಫಿಟ್‌ಗಿಂತ ಹೆಚ್ಚು ಕೆಲಸಕ್ಕೆ ಬಂದಿದೆ. ಹಳಹಳಿಸಲಿಕ್ಕೂ ಮೊದಲು ಯಾರಾದರೂ ನಮ್ಮನ್ನು ಕೇಳಿರಬೇಕು. ಹಚ್ಚೆಯನ್ನು ಸಂಪ್ರದಾಯವೆಂದು ಹಾಡಿಹೊಗಳುತ್ತಾ, ಅದನ್ನು ತೆಗೆಸುವ ಇಂದಿನ ಹುಡುಗಿಯರನ್ನು ಚಂಚಲೆಯರು ಅನ್ನುವವರು ಇದನ್ನು ಮರೆಯುತ್ತಾರೆ. ಅಜ್ಜಿಯ ಸ್ಥಿರತೆ ಅವಳ ಗುಣವಾಗಿತ್ತೋ, ಬೇರೆ ದಾರಿ ಇರಲಿಲ್ಲವೋ, ಹೇಳುವುದು ಹೇಗೆ?

‘ಪಶ್ಚಾತ್ತಾಪ’ ಎಂಬ ಪದವನ್ನು ಒಡೆದರೆ ಆಮೇಲಿನ ಸುಡುವಿಕೆ. ಲೇಸರಿನ ಕೋಣೆಯಲ್ಲಿ ಅದು ಅಕ್ಷರಶಃ ನಿಜ: ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಂಥ ಚಟಚಟ, ಸಣ್ಣಗೆ ಸುಟ್ಟ ಕೂದಲಿನ ವಾಸನೆ, ಗೆರೆಯ ಮೇಲೆ ತಕ್ಷಣ ಏಳುವ ಬಿಳಿ ಮಂಜು. ಆದರೆ ಗೆಳತಿಯ ಭಾವಕ್ಕೆ ಆ ಪದ ಹೊಂದುವುದಿಲ್ಲ. ಪಶ್ಚಾತ್ತಾಪದ ಹಿಂದೆ ತಪ್ಪು ಇರಬೇಕು. ಅವಳು ಯಾವ ತಪ್ಪು ಮಾಡಿದ್ದಳು? ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ ನೈತಿಕ ಅದೃಷ್ಟದ ಬಗ್ಗೆ ಬರೆದ ಪ್ರಬಂಧದಲ್ಲಿ ಒಬ್ಬ ಲಾರಿ ಡ್ರೈವರ್ ಬರುತ್ತಾನೆ. ತನ್ನ ತಪ್ಪೇ ಇಲ್ಲದೆ ಅವನ ಲಾರಿ ಒಂದು ಮಗುವಿನ ಮೇಲೆ ಹರಿಯುತ್ತದೆ. ದಾರಿಹೋಕರಿಗೆ ಆಗದ ಒಂದು ಸಂಕಟ ಅವನಿಗಾಗುತ್ತದೆ. ಆಗದಿದ್ದರೆ ಅವನ ಬಗ್ಗೆ ನಮಗೇ ಅನುಮಾನ ಹುಟ್ಟುತ್ತದೆ. ತಪ್ಪಿಲ್ಲದೆಯೂ ‘ಇದು ನನ್ನ ಕೈಯಿಂದ ಆದದ್ದು’ ಎಂಬ ಭಾರ ಇರಬಲ್ಲದು. ಮಣಿಕಟ್ಟಿನ ಅಕ್ಷರವನ್ನು ಆ ಸಾವಿನ ಪಕ್ಕ ಇಡುವುದು ಅತಿಯಾಯಿತು, ಗೊತ್ತು. ಆದರೂ ರಚನೆ ಅದೇ. ಹಾಗಾಗಿ ಕ್ಲಿನಿಕ್ಕುಗಳ ಜಾಹೀರಾತುಗಳ ಮೇಲೆ ನನಗೆ ಸಿಟ್ಟು. ‘ನಿಮ್ಮ ಹಳೆಯ ತಪ್ಪನ್ನು ಅಳಿಸಿ’ ಎನ್ನುವ ಧಾಟಿ ಅವುಗಳದ್ದು. ಉಪದೇಶ ಕೊಡುವವರೂ ಜಾಹೀರಾತಿನವರೂ ಒಂದು ವಿಷಯದಲ್ಲಿ ಒಮ್ಮತದಲ್ಲಿದ್ದಾರೆ: ಆ ಹತ್ತೊಂಬತ್ತರ ಹುಡುಗಿ ದಡ್ಡಿ. ನಾನು ಅವಳನ್ನು ಬಲ್ಲೆ, ಅವಳು ದಡ್ಡಿಯಾಗಿರಲಿಲ್ಲ. ಎರಡು ಬಸ್ಸು ಬದಲಿಸಿ ಕಾಲೇಜಿಗೆ ಬರುತ್ತಿದ್ದಳು, ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಳಗನ್ನಡ ಬಿಡಿಸುತ್ತಿದ್ದಳು.

ಹಚ್ಚೆ ಯಾಕೆ ಉಳಿಯುತ್ತದೆ ಎಂಬುದನ್ನು ಈ ನಡುವೆ ಓದಿಕೊಂಡೆ. ಚರ್ಮದ ಮೇಲ್ಪದರ ತಿಂಗಳು, ಒಂದೂವರೆ ತಿಂಗಳಿಗೆ ಪೂರ್ತಿ ಹೊಸದಾಗುತ್ತದೆ. ಮಸಿ ಇರುವುದು ಅದರ ಕೆಳಗಿನ ಪದರದಲ್ಲಿ. ಅಲ್ಲಿ ಕಸ ನುಂಗುವ ಕಾವಲು ಕೋಶಗಳಿವೆ, ಮ್ಯಾಕ್ರೋಫೇಜ್ ಅಂತಾರೆ. ಅವು ಮಸಿಯನ್ನು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಅವೇ ಕೋಶಗಳು ಜೀವಮಾನವಿಡೀ ಮಸಿ ಹೊತ್ತು ಕೂತಿರುತ್ತವೆಂದು ಬಹುಕಾಲ ನಂಬಿದ್ದರು. 2018ರಲ್ಲಿ ಫ್ರಾನ್ಸಿನ ಮಾರ್ಸೇಯ ವಿಜ್ಞಾನಿಗಳು ಇಲಿಗಳ ಬಾಲಕ್ಕೆ ಹಸಿರು ಹಚ್ಚೆ ಹಾಕಿ, ಆಮೇಲೆ ಆ ಕೋಶಗಳನ್ನೆಲ್ಲ ಕೊಂದು ನೋಡಿದರು. ಹಚ್ಚೆ ಮಾಸಲೇ ಇಲ್ಲ. ಸಾಯುವ ಕೋಶ ಮಸಿಯನ್ನು ಬಿಟ್ಟುಕೊಡುತ್ತದೆ, ಹೊಸದಾಗಿ ಬಂದ ಕೋಶ ಅದೇ ಜಾಗದಲ್ಲಿ ಅದನ್ನೇ ನುಂಗುತ್ತದೆ. ಯಾವ ಒಬ್ಬನೂ ಶಾಶ್ವತನಲ್ಲ. ಕೈಯಿಂದ ಕೈಗೆ ದಾಟಿಸುತ್ತಾ ದಾಟಿಸುತ್ತಾ ಅಕ್ಷರ ಕದಲದೆ ನಿಲ್ಲುತ್ತದೆ.

ಇದನ್ನು ಓದಿದ ದಿನ ನನಗೆ ಶಾಸನಗಳೇ ಬೇರೆಯಾಗಿ ಕಂಡವು. ದಾನವೊಂದು ಮುನ್ನೂರು ವರ್ಷ ನಡೆದಿದ್ದರೆ ಅದು ಕಲ್ಲಿನ ಬಲದಿಂದಲ್ಲ. ಪ್ರತಿ ತಲೆಮಾರಿನ ಅರಸನೋ ಗೌಡನೋ ಮತ್ತೆ ಅದನ್ನು ‘ನನ್ನದು’ ಎಂದು ನುಂಗಿಕೊಂಡಿದ್ದರಿಂದ. ಯಾರೋ ಒಬ್ಬ ನುಂಗದೆ ಹೋದಾಗ ಕಲ್ಲು ಇದ್ದಲ್ಲೇ ಇರುತ್ತದೆ, ದಾನ ಮುಗಿದಿರುತ್ತದೆ. ಬಟ್ಟೆ ಒಗೆಯುವ ಬಂಡೆಯಾದ ದಾನಶಾಸನಗಳನ್ನು ನಾನೇ ತಿಕ್ಕಿ ತೊಳೆದು ಓದಿದ್ದೇನೆ. ಗೆಳತಿಯ ವಿಷಯದಲ್ಲೂ ಹೀಗೇ ಆಗಿರಬೇಕು. ಒಂಬತ್ತು ವರ್ಷ ಪ್ರತಿದಿನ ಅವಳು ಆ ‘ಳ’ವನ್ನು ಹಿಂದಿನ ದಿನದವಳಿಂದ ಇಸಿದುಕೊಂಡಿದ್ದಳು. ಒಂದು ದಿನ ಇಸಿದುಕೊಳ್ಳಲು ಕೈ ಚಾಚಲಿಲ್ಲ. ಅಷ್ಟರಿಂದಲೇ ಹಿಂದಿನ ಒಂಬತ್ತು ವರ್ಷ ಸುಳ್ಳಾಗಬೇಕಿಲ್ಲ.

ಲೇಸರಾದರೂ ಏನು ಮಾಡುತ್ತದೆ? 1983ರಲ್ಲಿ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಎಂಬ ವೈದ್ಯರು ವಿವರಿಸಿದ ತತ್ವ ಅದು. ಬಣ್ಣ ಮಾತ್ರ ಹೀರುವ ತರಂಗಾಂತರದ ಬೆಳಕನ್ನು, ಪಕ್ಕದ ಚರ್ಮ ಬಿಸಿಯಾಗುವಷ್ಟೂ ಪುರುಸೊತ್ತು ಕೊಡದೆ ಹಾಯಿಸಬೇಕು. ಒಂದೊಂದು ಮಿಂಚೂ ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಭಾಗ. ನಮ್ಮಂಥ ಕಂದು ಮೈಬಣ್ಣಕ್ಕೆ 1064 ನ್ಯಾನೋಮೀಟರಿನ ಬೆಳಕು ವಾಸಿ, ಚರ್ಮದ ಸ್ವಂತ ಬಣ್ಣ ಅದನ್ನು ಅಷ್ಟಾಗಿ ಹೀರುವುದಿಲ್ಲ. ಎಷ್ಟು ಸಿಟ್ಟಿಂಗ್ ಬೇಕಾಗಬಹುದೆಂದು ಅಂದಾಜಿಸಲು ಕಿರ್ಬಿ–ದೇಸಾಯಿ ಎಂಬ ಲೆಕ್ಕವೂ ಇದೆ: ಮೈಬಣ್ಣ, ಹಚ್ಚೆ ಇರುವ ಜಾಗ, ಮಸಿಯ ಬಣ್ಣ, ಅದರ ಪ್ರಮಾಣ ಇತ್ಯಾದಿಗೆ ಅಂಕ ಕೊಟ್ಟು ಕೂಡುವುದು. ಹೃದಯದಿಂದ ದೂರವಿದ್ದಷ್ಟೂ ಮಾಸುವುದು ನಿಧಾನ. ಕಪ್ಪು ಬೇಗ ಹೋಗುತ್ತದೆ, ಹಸಿರು ಹಟ ಹಿಡಿಯುತ್ತದೆ. ಹಾಗೆ ನೋಡಿದರೆ ಕಾಡಿಗೆಯಿಂದ ಚುಚ್ಚಿದ ಅಜ್ಜಿಯ ಚೇಳನ್ನು ತೆಗೆಯುವುದು ಈ ಊರಿನ ಬಣ್ಣಬಣ್ಣದ ಹಚ್ಚೆಗಳಿಗಿಂತ ಸಲೀಸು. ಅವಳ ‘ಮೇಲಿನ ತನಕ ಬರುವ ಆಸ್ತಿ’ ತಾಂತ್ರಿಕವಾಗಿ ನಾಲ್ಕಾರು ಸಿಟ್ಟಿಂಗಿನದ್ದು. ಈ ಬಣ್ಣಗಳಲ್ಲಿ ಏನಿದೆ ಎಂಬುದು ಬೇರೆಯೇ ಕತೆ. 2025ರ ಫೆಬ್ರವರಿಯಲ್ಲಿ ರಾಜ್ಯದ ಆರೋಗ್ಯ ಸಚಿವರು ಪರೀಕ್ಷೆಗೊಳಪಡಿಸಿದ ಹಚ್ಚೆ ಮಸಿಗಳಲ್ಲಿ 22 ಲೋಹಗಳು ಸಿಕ್ಕಿವೆ ಎಂದು ಹೇಳಿ, ನಿಯಮ ತರುವ ಮಾತಾಡಿದ್ದರು.

ಒಡೆದ ಮಸಿ ಎಲ್ಲಿ ಹೋಗುತ್ತದೆ ಎಂದು ಎರಡನೇ ಸಲ ಹೋದಾಗ ಡಾಕ್ಟರನ್ನು ಕೇಳಿದೆ. ಒಂದಷ್ಟನ್ನು ದೇಹ ಹೊರಗೆ ಹಾಕುತ್ತದೆ, ಒಂದಷ್ಟು ದುಗ್ಧರಸದ ಜೊತೆ ಹರಿದು ಹತ್ತಿರದ ಗ್ರಂಥಿಗೆ ಸೇರುತ್ತದೆ ಅಂದರು. ಕೈಯದ್ದಾದರೆ ಕಂಕುಳಿನ ಗ್ರಂಥಿಗೆ. ಎಷ್ಟೋ ವರ್ಷಗಳ ಮೇಲೆ ಬೇರಾವುದೋ ಕಾಯಿಲೆಗೆಂದು ಆ ಗ್ರಂಥಿ ತೆಗೆದು ನೋಡಿದಾಗ ಅದು ಕಪ್ಪಾಗಿದ್ದು ವೈದ್ಯರನ್ನು ಗಾಬರಿಗೊಳಿಸಿದ್ದೂ ಉಂಟಂತೆ. ಅಂದರೆ ಅಳಿಸುವುದೆಂದರೆ ಎಲ್ಲರೂ ಓದುವ ಜಾಗದಿಂದ ಯಾರೂ ಓದದ ಜಾಗಕ್ಕೆ ಸಾಗಿಸುವುದು. ಗೆಳತಿ ಇದನ್ನು ಕೇಳಿ ‘ಪರ್ವಾಗಿಲ್ಲ, ಅಲ್ಲಿರ್ಲಿ’ ಅಂದಳು. ಅವಳಿಗೆ ಬೇಡವಾಗಿದ್ದದ್ದು ನೆನಪಲ್ಲ, ಪ್ರದರ್ಶನ.

ಆಷ್‌ವಿಟ್ಸ್ ಶಿಬಿರದಲ್ಲಿ ತೋಳಿಗೆ ಚುಚ್ಚಿದ ಸಂಖ್ಯೆಯನ್ನು ಪ್ರಿಮೋ ಲೆವಿ ಕೊನೆಯತನಕ ಉಳಿಸಿಕೊಂಡ. ಅದೇ ಶಿಬಿರದಿಂದ ಬದುಕಿ ಬಂದ ಲೇಖಕಿ ರೂತ್ ಕ್ಲೂಗರ್ ಮುಪ್ಪಿನಲ್ಲಿ ತನ್ನದನ್ನು ತೆಗೆಸಿಬಿಟ್ಟಳು. ಇಬ್ಬರೂ ಅದರ ಬಗ್ಗೆ ಬರೆದರು. ಲೆವಿಯನ್ನು ಸಾಕ್ಷಿ ಎಂದು, ಕ್ಲೂಗರಳನ್ನು ಮರೆಯಲು ಹೊರಟವಳು ಎಂದು ಕರೆಯುವ ಧೈರ್ಯ ಯಾರಿಗಿದೆ? ಅದು ಬಲವಂತದ ಹಚ್ಚೆ, ನಮ್ಮದು ಮೋಜಿನದು, ಹೋಲಿಸಬಾರದು ನಿಜ. ಆದರೆ ತೆಗೆಸಿದವರೆಲ್ಲ ನಿರಾಕರಿಸಿದವರಲ್ಲ ಎಂಬುದಕ್ಕೆ ಇದಕ್ಕಿಂತ ಕಠಿಣ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನು ನನ್ನ ಅರ್ಧ ಪಾಲಿನ ಮಾತು. ಅವಳು ಹಚ್ಚೆ ಹಾಕಿಸಿಕೊಂಡದ್ದು ನನಗೆ ಕೊಟ್ಟ ಮಾತಾಗಿತ್ತೆಂದೇ ಇಟ್ಟುಕೊಳ್ಳೋಣ. ಆಗ ಬಿಡಿಸುವ ಹಕ್ಕು ನನ್ನದು, ರಷ್ಯನ್ ಯುವಕನ ಹಾಗೆ ನಾನು ಕಾಣೆಯಾಗಿಲ್ಲ. ಅವಳು ‘ಬೇಜಾರಾ?’ ಎಂದು ಕೇಳಿದ್ದು ಅದಕ್ಕೇ ಇರಬೇಕು. ಕೇಳದೆ ಹೋಗಿ ತೆಗೆಸಿಕೊಂಡು ಬಂದಿದ್ದರೆ ನನಗೆ ನೋವಾಗುತ್ತಿತ್ತು, ಆ ನೋವಿಗೆ ನ್ಯಾಯವೂ ಇರುತ್ತಿತ್ತು. ಬೇಜಾರಾಗಿಯೂ ಬಿಟ್ಟುಕೊಡಬಹುದು, ಬೇಜಾರೇ ಇಲ್ಲದಿದ್ದರೆ ಬಿಟ್ಟುಕೊಡುವುದಕ್ಕೆ ಏನಿತ್ತು? ನನ್ನ ‘ಳ’ವನ್ನು ನಾನು ಇಟ್ಟುಕೊಂಡಿದ್ದೇನೆ. ಅದು ಅವಳ ಮೇಲಿನ ಆಕ್ಷೇಪಣೆಯಲ್ಲ. ನನಗೆ ಅದು ಇನ್ನೂ ನನ್ನ ಕೈಬರಹವಾಗಿಯೇ ಓದಿಸಿಕೊಳ್ಳುತ್ತದೆ.

ಐದು ಸಿಟ್ಟಿಂಗ್ ಮುಗಿದಿವೆ. ಅವಳ ಮಣಿಕಟ್ಟಿನಲ್ಲಿ ಅಕ್ಷರ ಹೋಗಿ ಆ ಜಾಗ ಸುತ್ತಲಿನ ಚರ್ಮಕ್ಕಿಂತ ತುಸು ಬಿಳಿಚಿಕೊಂಡಿದೆ. ಸವೆದ ಶಾಸನವನ್ನು ಓದುವಾಗ ಮಾಡುವಂತೆ ಬೆಳಕನ್ನು ಓರೆಯಾಗಿ ಹಿಡಿದರೆ ನನಗೆ ಈಗಲೂ ಕಾಣುತ್ತದೆ, ಬೇರೆಯವರಿಗೆ ಕಾಣದು. ಹಸಿರು ಎಲೆ ಮಾತ್ರ ಹಾಗೇ ಇದೆ. ಅದಕ್ಕೆ ಬೇರೆ ತರಂಗಾಂತರದ ಯಂತ್ರ ಬೇಕು, ಇನ್ನೂ ಮೂರ್ನಾಲ್ಕು ಸಲ ಬರಬೇಕಾಗಬಹುದು ಎಂದಿದ್ದಾರೆ ಡಾಕ್ಟರು. ಕಳೆದ ಸಲ ವಾಪಸ್ಸು ಬರುವಾಗ, ಮೆಟ್ರೋ ಬೈಯಪ್ಪನಹಳ್ಳಿ ದಾಟಿ ಕೆ.ಆರ್. ಪುರದ ತೂಗುಸೇತುವೆಯ ಕಡೆಗೆ ಹೊರಳುತ್ತಿದ್ದಾಗ, ಅವಳು ಕೈ ತಿರುಗಿಸಿ ನೋಡಿಕೊಂಡು ‘ಅಕ್ಷರ ಇಲ್ದೆ ಇದು ಚೆನ್ನಾಗೇ ಇದೆ ಅಲ್ವಾ?’ ಅಂದಳು. ಮುಂದಿನ ಅಪಾಯಿಂಟ್‌ಮೆಂಟ್ ಇನ್ನೂ ತೆಗೆದುಕೊಂಡಿಲ್ಲ.